ಹಳದಿ ವಜ್ರದ ಉಂಗುರ: ಬೆಲೆ ನಿಂತಿರುವುದು ಯಾವುದರ ಮೇಲೆ?

ಕಾರವಾರದಿಂದ: ಮಗಳ ನಿಶ್ಚಿತಾರ್ಥಕ್ಕೆ ಅರ್ಧ ಕ್ಯಾರೆಟ್ಟಿನ ಹಳದಿ ವಜ್ರ ನೋಡಿ ಬಂದಿದ್ದೇವೆ. ಒಂದೇ ತೂಕದ ಎರಡು ಕಲ್ಲು. ಒಂದರ ಬೆಲೆ ಇನ್ನೊಂದರ ಎರಡು ಪಟ್ಟು. ಏಕೆ? ಕೊಂಡವರು ಅನುಭವ ತಿಳಿಸಿ.

ಕುಮಟೆಯಿಂದ: ಆರು ವರ್ಷವಾದರೂ ನನ್ನ ಹೊಟ್ಟೆಯುರಿ ಆರಿಲ್ಲ. 0.41 ಕ್ಯಾರೆಟ್, ಉಂಗುರ ಸೇರಿ 92,000 ರೂಪಾಯಿ, ಮೇಲೆ ಜಿಎಸ್‌ಟಿ 2,760. ಅಂಗಡಿಯ ದೀಪದಡಿ ಕಲ್ಲು ಅರಿಶಿನದಂತಿತ್ತು. ಸುತ್ತಲೂ ಚಿನ್ನದ ಗೂಡು ಕಟ್ಟಿದ್ದರು. ಆ ಚಿನ್ನದ ಬಣ್ಣವೇ ಕಲ್ಲಿನೊಳಗೆ ಹೊಕ್ಕಿದೆ ಎಂದು ಆಗ ಹೊಳೆಯಲಿಲ್ಲ. ಎರಡನೆಯ ವರ್ಷ ಗೂಡು ಸಡಿಲವಾಗಿ ಕಲ್ಲು ಬಿಡಿಸಿದೆವು. ಜಗಲಿಯ ಬೆಳಕಿನಲ್ಲಿ ಹಿಡಿದರೆ ನಿಂಬೆ ಪಾನಕದಷ್ಟೂ ಬಣ್ಣವಿಲ್ಲ! ಪರೀಕ್ಷೆಗೆ ಕಳುಹಿಸಿದೆ, ವಿಮೆ ಸಹಿತ ಕೊರಿಯರಿಗೇ 1,850, ಶುಲ್ಕ ಬೇರೆ. ವರದಿಯಲ್ಲಿ ‘ಫ್ಯಾನ್ಸಿ ಲೈಟ್ ಬ್ರೌನಿಶ್ ಯೆಲ್ಲೋ’ ಎಂದು ಬಂತು, ಅಂದರೆ ಕಂದು ಬೆರೆತ ತಿಳಿ ಹಳದಿ. ಆ ‘ಬ್ರೌನಿಶ್’ ನನ್ನನ್ನು ಮುಳುಗಿಸಿತು. ಮಾರಲು ಹೋದರೆ 31,000 ಎಂದರು.

ಶಿರಸಿಯಿಂದ: ವರದಿ ನೋಡದೆ ಹಣ ಎಣಿಸಿದ್ದು ನಿಮ್ಮ ತಪ್ಪು. ನಾನು 0.50 ಕ್ಯಾರೆಟ್ಟಿನ ‘ಫ್ಯಾನ್ಸಿ ಇಂಟೆನ್ಸ್ ಯೆಲ್ಲೋ’ ಕೊಂಡೆ, 1,70,000. ಆ ವರ್ಷದ ಅಡಿಕೆಯ ಹಣದಲ್ಲಿ ದೊಡ್ಡ ಪಾಲು ಹೋಯಿತು, ಮನೆಯಲ್ಲಿ ಮೂರು ತಿಂಗಳು ಮಾತಿಲ್ಲ. ಆದರೂ ಸರಿಯಾದದ್ದನ್ನೇ ಮಾಡಿದೆ. ಬಿಳಿ ವಜ್ರದಲ್ಲಿ ಹಳದಿ ಛಾಯೆ ಬೆಲೆ ಇಳಿಸುತ್ತದೆ. ಇಲ್ಲಿ ಹಳದಿ ಗಾಢವಾದಷ್ಟೂ ಬೆಲೆ. ಫ್ಯಾನ್ಸಿ ಲೈಟ್, ಫ್ಯಾನ್ಸಿ, ಇಂಟೆನ್ಸ್, ವಿವಿಡ್ ಎಂದು ಮೆಟ್ಟಿಲು ಏರಿದಂತೆ ಹಣ ಜಿಗಿಯುತ್ತದೆ. ಒಳಗಿನ ಸಣ್ಣ ಕಲೆಯ ಚಿಂತೆ ನಾನು ಮಾಡಲಿಲ್ಲ, ಬರಿಗಣ್ಣಿಗೆ ಕಾಣದಿದ್ದರೆ ಸಾಕು. ದುಂಡು ಕಲ್ಲೂ ಬೇಡವೆಂದೆ. ಮೂಲೆ ಕತ್ತರಿಸಿದ ಚೌಕದಂಥ ರೇಡಿಯಂಟ್ ಕಟ್ ಬಣ್ಣವನ್ನು ಹಿಡಿದಿಡುತ್ತದೆ.

ಹೊನ್ನಾವರದಿಂದ: ಇಷ್ಟು ಸುರಿಯುವುದೇಕೆ? ಪ್ರಯೋಗಾಲಯದಲ್ಲಿ ಬೆಳೆಸಿದ ಒಂದು ಕ್ಯಾರೆಟ್ಟಿನ ಗುಲಾಬಿ ವಜ್ರ ನನಗೆ 48,000ಕ್ಕೆ ಸಿಕ್ಕಿತು. ಅದೂ ಇಂಗಾಲವೇ. ಆಸ್ಟ್ರೇಲಿಯಾದ ಆರ್ಗೈಲ್ ಗಣಿ 2020ರಲ್ಲಿ ಮುಚ್ಚಿದ ಮೇಲೆ ನೆಲದ ಗುಲಾಬಿ ಕಲ್ಲನ್ನು ನಮ್ಮಂಥವರು ಮುಟ್ಟುವ ಹಾಗಿದೆಯೇ?

ಶಿರಸಿಯಿಂದ: ನಿಮ್ಮ ಕಲ್ಲನ್ನು ಮಾರಲು ಪ್ರಯತ್ನಿಸಿ ನೋಡಿದ್ದೀರಾ? ಬೇಕಾದಷ್ಟು ಬೆಳೆಸಬಹುದಾದದ್ದಕ್ಕೆ ಯಾರು ಕಾದು ಕುಳಿತಿರುತ್ತಾರೆ? ನೆಲದ ಹಳದಿಯೂ ನೈಟ್ರೋಜನ್ನಿನಿಂದ, ಯಂತ್ರದ ಹಳದಿಯೂ ನೈಟ್ರೋಜನ್ನಿನಿಂದ, ಒಪ್ಪಿದೆ. ಬೆಲೆ ಕಟ್ಟುವುದು ಬಣ್ಣ ತಾನಾಗಿ ಬಂದದ್ದಕ್ಕೆ. ಬಣ್ಣ ಸಹಜವೆಂದು ವರದಿಯಲ್ಲಿ ಬರೆದಿರಬೇಕು. ಬಿಸಿ, ಒತ್ತಡ ಅಥವಾ ವಿಕಿರಣದಿಂದ ಬಣ್ಣ ಏರಿಸಿದ ಕಲ್ಲುಗಳೂ ಓಡಾಡುತ್ತಿವೆ.

ಹೊನ್ನಾವರದಿಂದ: ಮಾರುವುದಕ್ಕೆ ಕೊಂಡಿಲ್ಲ. ನನ್ನ ಹೆಂಡತಿ ಅದನ್ನು ದಿನವೂ ತೊಡುತ್ತಾಳೆ. ನಿಮ್ಮದು ಬ್ಯಾಂಕ್ ಲಾಕರಿನಲ್ಲಿದೆ.

ಶಿರಸಿಯಿಂದ: ನನ್ನ ಮನೆಯ ಲಾಕರಿನ ವಿಷಯ ನಿಮಗೆ ಬೇಡ.

ಕುಮಟೆಯಿಂದ: ಇನ್ನೊಂದು ನಷ್ಟ ಹೇಳುವುದು ಉಳಿದಿತ್ತು. ಗೂಡು ಬಿಚ್ಚಿ ಮತ್ತೆ ಕಟ್ಟಿಸಲು ಕೊಟ್ಟಾಗ ಕಲ್ಲು ಸೇರಿ 4.320 ಗ್ರಾಂ, ಮರಳಿದಾಗ 4.140. ಆ ಚಿನ್ನ ಎಲ್ಲಿ ಹೋಯಿತು?

ಶಿರಸಿಯಿಂದ: ಅರ ಉಜ್ಜಿದರೆ ಚಿನ್ನ ಸವೆಯದೆ ಇರುತ್ತದೆಯೇ? ನನ್ನ ಭಾವ ಅದೇ ಕೆಲಸದವರು. ಕೆಲಸಗಾರರನ್ನು ಕಳ್ಳರೆನ್ನಬೇಡಿ.

ಕುಮಟೆಯಿಂದ: ಕಳ್ಳರೆಂದು ನಾನು ಎಲ್ಲಿ ಬರೆದೆ? 180 ಮಿಲಿಗ್ರಾಂ ಎಂದು ಬರೆದಿದ್ದೇನೆ. ಎರಡೂ ತೂಕದ ಚೀಟಿ ನನ್ನ ಬಳಿ ಇವೆ.

ಕಾರವಾರದಿಂದ: ಎರಡೂ ಕಲ್ಲುಗಳ ವರದಿ ತರಿಸಿದೆ. ಅಗ್ಗದ್ದರಲ್ಲಿ ‘ಬ್ರೌನಿಶ್’ ಇದೆ.