ಹೊಸ ಸಿಸ್‌ಸಿಟಿಎಲ್ ಸೇರಿಸುವ ಪ್ಯಾಚ್: ರಿವ್ಯೂನಲ್ಲಿ ಏನೇನು ನೋಡ್ತೀರಿ?

ಹೊಸಪ್ಯಾಚು: ನಮ್ಮ ತಂಡದವರೊಬ್ಬರು ಲಿನಕ್ಸ್ ಕರ್ನಲ್ ಮಾಡ್ಯೂಲ್‌ಗೆ ಒಂದು ಟೈಮ್‌ಔಟ್ ಸಿಸ್‌ಸಿಟಿಎಲ್ (ಕರ್ನಲ್ ಓಡುತ್ತಿರುವಾಗಲೇ ಪ್ರಾಕ್/ಸಿಸ್ ಫೈಲ್ ಮೂಲಕ ಬದಲಿಸಬಹುದಾದ ಸೆಟ್ಟಿಂಗ್) ಸೇರಿಸಿದ್ದಾರೆ. ಒಂದು ಇಂಟ್ ವೇರಿಯಬಲ್, ಟೇಬಲ್‌ನಲ್ಲಿ ಒಂದು ಎಂಟ್ರಿ, ಮೋಡ್ 0644 (ಎಲ್ಲರೂ ಓದಬಹುದು, ರೂಟ್ ಮಾತ್ರ ಬರೆಯಬಹುದು), ಹ್ಯಾಂಡ್ಲರ್ (ಬೆಲೆ ಓದಿ ಬರೆಯುವ ಫಂಕ್ಷನ್) ಪ್ರಾಕ್_ಡೂಇಂಟ್‌ವೆಕ್. ಇಷ್ಟು ಚಿಕ್ಕ ಪ್ಯಾಚ್‌ನಲ್ಲಿ ನೋಡೋದೇನಿದೆ ಅಂತ ಗೊತ್ತಾಗುತ್ತಿಲ್ಲ.

ಹಳೇಮೇಂಟೇನರ್: ಚಿಕ್ಕದು ಅಂತಲೇ ಇವು ಸುಮ್ನೆ ಪಾಸಾಗಿಬಿಡುತ್ತವೆ.

ಮೊದಲು ಮಿತಿ. ಪ್ರಾಕ್_ಡೂಇಂಟ್‌ವೆಕ್ ಯಾವ ಮಿತಿಯನ್ನೂ ನೋಡಲ್ಲ. ಯಾರಾದರೂ -1 ಬರೆದರೆ ಅದೂ ಒಳಗೆ ಹೋಗುತ್ತದೆ. ಆ ಬೆಲೆಯಿಂದ ಎಲ್ಲಾದರೂ ಭಾಗಿಸುತ್ತಿದ್ದರೆ 0 ಬರೆದರೂ ಸಾಕು, ಕರ್ನಲ್ ಕಥೆ ಮುಗಿಯಿತು. ಹೆಸರಿನ ಕೊನೆಗೆ ಮಿನ್‌ಮ್ಯಾಕ್ಸ್ ಇರುವ, ಅಂದರೆ ಮಿತಿ ನೋಡುವ, ಹ್ಯಾಂಡ್ಲರ್ ಕೇಳಿ.

ಆಮೇಲೆ ಟೈಪ್. ವೇರಿಯಬಲ್, ಮ್ಯಾಕ್ಸ್‌ಲೆನ್ (ಅದರ ಬೈಟ್ ಅಳತೆ), ಹ್ಯಾಂಡ್ಲರ್, ಎಕ್ಸ್‌ಟ್ರಾ1 (ಕೆಳಮಿತಿ), ಎಕ್ಸ್‌ಟ್ರಾ2 (ಮೇಲ್ಮಿತಿ) ಎಲ್ಲ ಒಂದೇ ಅಳತೆಗೆ ಹೊಂದಬೇಕು. ವೇರಿಯಬಲ್ ಮತ್ತು ಎರಡೂ ಮಿತಿ ಟೇಬಲ್‌ನಲ್ಲಿ ವಾಯ್ಡ್ ಪಾಯಿಂಟರ್ (ಟೈಪ್ ಗೊತ್ತಿಲ್ಲದ ವಿಳಾಸ), ಕಂಪೈಲರ್ ತುಟಿ ಬಿಚ್ಚಲ್ಲ. 2019ರಲ್ಲಿ ಫೈಲ್-ಮ್ಯಾಕ್ಸ್ (ಒಟ್ಟು ಎಷ್ಟು ಫೈಲ್ ತೆರೆದಿರಬಹುದು ಅನ್ನುವ) ಸೆಟ್ಟಿಂಗ್‌ಗೆ ಮಿತಿ ಹಾಕುವ ಪ್ಯಾಚ್‌ನಲ್ಲೇ ಹೀಗಾಯಿತು. ಕೆಳಮಿತಿ ಇಂಟ್ ಸೊನ್ನೆ, ಹ್ಯಾಂಡ್ಲರ್ ಮಾತ್ರ ಅನ್‌ಸೈನ್ಡ್ ಲಾಂಗ್‌ನದು. 64 ಬಿಟ್ ಯಂತ್ರದಲ್ಲಿ 4 ಬೈಟ್ ಇರುವ ಕಡೆ 8 ಓದಿತು. ಅಂದರೆ ಪಕ್ಕದಲ್ಲಿದ್ದ ಕಸವೂ ಮಿತಿಯ ಭಾಗ! ಕರ್ನಲ್‌ನ ಮೆಮೊರಿ ತಪ್ಪು ಹುಡುಕುವ ಕಾಸಾನ್ ಅದನ್ನು ಹಿಡಿಯಿತು. ತಪ್ಪು ತಡೆಯಲು ಬಂದ ಪ್ಯಾಚ್ ಅದು, ನೆನಪಿರಲಿ.

ಇನ್ನೊಂದು: ಫಂಕ್ಷನ್ ನಡೆಯುತ್ತಿರುವಾಗಲೇ ಬೆಲೆ ಬದಲಾಗಬಹುದು. ಒಂದು ಸಾಲಿನಲ್ಲಿ ಪರೀಕ್ಷಿಸಿ ಮುಂದಿನ ಸಾಲಿನಲ್ಲಿ ಮತ್ತೆ ಓದುತ್ತಿದ್ದರೆ ಆ ಪರೀಕ್ಷೆಗೆ ಅರ್ಥವಿಲ್ಲ. ರೀಡ್_ಒನ್ಸ್ ಬಳಸಿ ಒಮ್ಮೆ ಮಾತ್ರ ಓದಿ ಲೋಕಲ್ ವೇರಿಯಬಲ್‌ಗೆ ತೆಗೆದುಕೊಳ್ಳಲಿ.

ಬೇಡದಗುಬ್ಬಿ: ಅದಕ್ಕೂ ಮೊದಲು, ಈ ಸೆಟ್ಟಿಂಗ್ ಬೇಕಾ ಅಂತ ಕೇಳಿ. ಸರಿಯಾದ ಬೆಲೆ ಯಾವುದು ಅಂತ ಬರೆದವರಿಗೇ ತಿಳಿಯದಿದ್ದಾಗ ಬಳಸುವವರ ತಲೆಗೆ ಕಟ್ಟುವುದೇ ಜಾಸ್ತಿ. ಒಮ್ಮೆ ಪ್ರಾಕ್/ಸಿಸ್ ಕೆಳಗೆ ಬಂದರೆ ತೆಗೆಯೋದು ಕಷ್ಟ. ಮುಗಿದ ಕನೆಕ್ಷನ್‌ಗಳನ್ನು ಬೇಗ ವಿಲೇವಾರಿ ಮಾಡುವ ಟಿಸಿಪಿ_ಟಿಡಬ್ಲ್ಯೂ_ರೀಸೈಕಲ್ ಸೆಟ್ಟಿಂಗ್ ನ್ಯಾಟ್ (ಹಲವು ಯಂತ್ರಗಳು ಒಂದೇ ಐಪಿ ಹಂಚಿಕೊಳ್ಳುವ ವ್ಯವಸ್ಥೆ) ಹಿಂದಿನ ಕನೆಕ್ಷನ್‌ಗಳನ್ನು ಕೆಡಿಸುತ್ತಿತ್ತು, 2017ರಲ್ಲಿ ಕರ್ನಲ್ 4.12ರಲ್ಲಿ ತೆಗೆದರು. ಅದನ್ನು ಆನ್ ಮಾಡುವ ಹಳೇ ಕಾನ್ಫಿಗ್‌ಗಳು ಈಗಲೂ ಅಲ್ಲಲ್ಲಿ ಸಿಗುತ್ತವೆ.

ಹೊಸಪ್ಯಾಚು: ಸೆಟ್ಟಿಂಗ್ ಬೇಕೇ ಬೇಕು, ಬೇರೆ ಬೇರೆ ಹಾರ್ಡ್‌ವೇರ್‌ಗೆ ಟೈಮ್‌ಔಟ್ ಬೇರೆ. ಈಗ ಕೋಡ್ ಮತ್ತೆ ನೋಡಿದೆ. ಬರೆದ ಬೆಲೆಯನ್ನು ನೇರವಾಗಿ ಜಿಫೀಸ್‌ಗೆ (ಕರ್ನಲ್‌ನ ಟಿಕ್ ಎಣಿಕೆಗೆ) ಕೂಡಿಸುತ್ತಿದ್ದಾರೆ. ಇದು ಸರಿನಾ?

ಹಳೇಮೇಂಟೇನರ್: ಸಿಕ್ಕಿತಲ್ವಾ! ಸರಿಯಲ್ಲ. 500 ಬರೆದರೆ ಎಚ್‌ಝಡ್ (ಸೆಕೆಂಡಿಗೆ ಎಷ್ಟು ಟಿಕ್) 250 ಇರುವ ಕರ್ನಲ್‌ನಲ್ಲಿ 2 ಸೆಕೆಂಡ್, 1000 ಇದ್ದರೆ ಅರ್ಧ ಸೆಕೆಂಡ್. ಮಿಲಿಸೆಕೆಂಡನ್ನು ಜಿಫೀಸ್‌ಗೆ ಬದಲಿಸಿ ಮಿತಿಯನ್ನೂ ನೋಡುವ ಪ್ರಾಕ್_ಡೂಇಂಟ್‌ವೆಕ್_ಎಂಎಸ್_ಜಿಫೀಸ್_ಮಿನ್‌ಮ್ಯಾಕ್ಸ್ ಹಾಕಿಸಿ, ಸೆಟ್ಟಿಂಗ್ ಹೆಸರಿನ ಕೊನೆಗೆ _ಎಂಎಸ್ ಸೇರಿಸಿಸಿ. ಡಾಕ್ಯುಮೆಂಟೇಶನ್‌ನಲ್ಲಿ ಘಟಕ, ಮಿತಿ, ಡೀಫಾಲ್ಟ್ ಮೂರೂ ಬರೆದ ಮೇಲೆ ವಿ2 (ಪ್ಯಾಚ್‌ನ ಎರಡನೇ ಆವೃತ್ತಿ) ಕಳಿಸಲಿ.