ಪ್ರಶ್ನೋತ್ತರ: ಜುಲೈನಲ್ಲೇ ಕಂದಿದ ಬ್ಲ್ಯಾಕ್ ಲೋಕಸ್ಟ್ ಮರ

ಸುಮಾ, ವರ್ಜೀನಿಯಾ: ನಮಸ್ಕಾರ ಸರ್. ಹಿತ್ತಿಲ ಬ್ಲ್ಯಾಕ್ ಲೋಕಸ್ಟ್ ಮರಗಳು ಪೂರಾ ಕಂದಿವೆ. ಸತ್ತವೇ?

ಕೀಟತಜ್ಞರು: ನಮಸ್ಕಾರ. ಸತ್ತಿಲ್ಲ. ಇದು ಲೋಕಸ್ಟ್ ಲೀಫ್ ಮೈನರ್ ದುಂಬಿಯ ಕೆಲಸ. ಕಂದಿದ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿ. ಎರಡು ಪದರದ ನಡುವೆ ಚಪ್ಪಟೆ ಮರಿಹುಳು ಕಾಣಬಹುದು.

ರಮೇಶ, ಮೇರಿಲ್ಯಾಂಡ್: ನಮ್ಮದೂ ಕಂದಿದೆ. ಸತ್ತಿತಾ?

ಕೀಟತಜ್ಞರು: ಮೇಲೆ ಓದಿ.

ಪದ್ಮಾ: ವಿನೆಗರ್, ಉಪ್ಪು, ಪಾತ್ರೆ ಸೋಪು ಕಲಸಿ ಎರಚಿದರೆ ಹುಳ ಮಾಯವಂತೆ. ಫಾರ್ವರ್ಡ್ ಬಂದಿದೆ.

ಕೀಟತಜ್ಞರು: ಬೇಡವೇ ಬೇಡ. ಹುಳ ಇರುವುದು ಎಲೆಯ ಒಳಗೆ. ವಿನೆಗರ್ ಉಳಿದ ಹಸಿರನ್ನೂ ಸುಡುತ್ತದೆ, ಉಪ್ಪು ಬೇರಿಗಿಳಿಯುತ್ತದೆ.

ಗೀತಾ, ವೆಸ್ಟ್ ವರ್ಜೀನಿಯಾ: ನಮ್ಮದು ಜೂನ್‌ನಲ್ಲಿ ಎಲೆ ಉದುರಿಸಿ ಮತ್ತೆ ಚಿಗುರಿತ್ತು. ಈಗ ಆ ಚಿಗುರೂ ಕಂದಿದೆ. ಮಳೆಯೇ ಇಲ್ಲ.

ಕೀಟತಜ್ಞರು: ಗೀತಾ, ನನಗೆ ಚಿಂತೆ ನಿಮ್ಮ ಮರದ್ದೇ. ಈ ದುಂಬಿ ತರಗೆಲೆಯಡಿ, ತೊಗಟೆಯ ಬಿರುಕಲ್ಲಿ ಚಳಿಗಾಲ ಕಳೆದು, ಎಲೆ ಬಿಚ್ಚುವ ಹೊತ್ತಿಗೆ ಹೊರಬರುತ್ತದೆ. ಉದ್ದ ಸುಮಾರು 6 ಮಿಲಿಮೀಟರ್, ಕಿತ್ತಳೆ ಮೈ, ಬೆನ್ನ ನಡುವೆ ಕಪ್ಪು ಪಟ್ಟೆ. ಎಲೆಯಡಿ 3ರಿಂದ 5 ಮೊಟ್ಟೆಗಳನ್ನು ಹೆಂಚು ಹೊದಿಸಿದ ಹಾಗೆ ಜೋಡಿಸಿ, ಮೇಲೆ ಹಿಕ್ಕೆ ಮೆತ್ತುತ್ತದೆ. ಮರಿಗಳು ಮೊದಲು ಒಂದೇ ಸುರಂಗದಲ್ಲಿ ಒಟ್ಟಿಗೆ ತಿಂದು, ಆಮೇಲೆ ಬೇರೆಬೇರೆ ಸುರಂಗ ಕೊರೆದುಕೊಂಡು ಎಲೆಯೊಳಗೇ ಕೋಶವಾಗುತ್ತವೆ. ಒಮ್ಮೆ ಕಂದಿದರೆ ಮರ ತಡೆದುಕೊಳ್ಳುತ್ತದೆ. ಒಂದೇ ಬೇಸಿಗೆಯಲ್ಲಿ ಎರಡು ಸಲ ಎಲೆ ಹೋಗಿ, ಬರವೂ ಸೇರಿದರೆ ಕೂಡಿಟ್ಟ ಪಿಷ್ಟ ಕರಗಿ ಸಾಯಲೂಬಹುದು. ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವವಿದೆ. ನೀರು ನಿಧಾನವಾಗಿ, ಆಳಕ್ಕಿಳಿಯುವಂತೆ ಕೊಡಿ. ಸಾರಜನಕ ಗೊಬ್ಬರ ಬೇಡ, ಬೇರುಗಂಟುಗಳಿಂದ ಅದಕ್ಕೆ ಸಿಗುತ್ತದೆ. ಕೆರೆದ ಜಾಗದ ಫೋಟೋ ಹಾಕಿ.

ವಿನಯ್: ಕುಂಡದ ಕರಿಬೇವು ಹಳದಿಯಾಗಿದೆ ಸರ್, ಏನು ಮಾಡಲಿ?

ರಮೇಶ: ಬ್ಲ್ಯಾಕ್ ಲೋಕಸ್ಟ್ ಎಲ್ಲಾ ಕಡಿಸಿಬಿಡಿ. ಅದು ಕಳೆ ಮರ.

ಸುಮಾ: ಅಪಲೇಚಿಯನ್ ಬೆಟ್ಟಗಳೇ ಅದರ ತವರು. ಕಳೆ ಅನ್ನೋದು ನ್ಯಾಯವಾ?

ರಮೇಶ: ನನ್ನ ಹುಲ್ಲುಹಾಸಿಗೆ ಬಂದರೆ ಕಳೆಯೇ.

ಸುಮಾ: ನಿಮ್ಮ ಹುಲ್ಲುಹಾಸೇ ಲೋಕ ಅಲ್ಲ!

ಕೀಟತಜ್ಞರು: ಕಡಿದರೆ ಬೇರಿಂದ ಇನ್ನಷ್ಟು ಸಸಿ ಏಳುತ್ತವೆ. ಜಗಳ ಬೇರೆಡೆ ಆಡಿ.

ಪದ್ಮಾ: ಬುಡಕ್ಕೆ ಇಮಿಡಾಕ್ಲೋಪ್ರಿಡ್ ಕೀಟನಾಶಕ ಸುರಿದರೆ? ಕಾಂಡಕ್ಕೆ ಸುಣ್ಣ ಬಳಿದರೆ?

ಕೀಟತಜ್ಞರು: ಆ ವಿಷ ಹೂವಿಗೂ ಏರುತ್ತದೆ, ವಸಂತದಲ್ಲಿ ಜೇನ್ನೊಣಗಳು ಮುತ್ತುವ ಮರ ಅದು. ಸುಣ್ಣಕ್ಕೂ ಎಲೆಯೊಳಗಿನ ಹುಳಕ್ಕೂ ಏನು ಸಂಬಂಧ? ಇನ್ನು ಫಾರ್ವರ್ಡ್‌ಗಳಿಗೆ ಉತ್ತರ ಕೊಡುವುದಿಲ್ಲ.

ಕಿರಣ್: ನಮ್ಮ ಮರವೂ ಕಂದಿದೆ, ಸತ್ತಿದೆಯಾ ಸರ್?

ಕೀಟತಜ್ಞರು: ಇಲ್ಲ. ಗೀತಾ, ಫೋಟೋ ಎಲ್ಲಿ?