ಸಹಾಯ ಬೇಕು: ಹಳೇ ಪೆಟ್ರೋಲ್ ಕಾರನ್ನು ಎಲೆಕ್ಟ್ರಿಕ್ ಮಾಡಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನನ್ನ ಕಾರಿನ ಬಾಡಿ, ಸಸ್ಪೆನ್ಷನ್ ಇನ್ನೂ ಗಟ್ಟಿಯಾಗಿವೆ. ಗುಜರಿಗೆ ಹಾಕಲು ಮನಸ್ಸಿಲ್ಲ. ಆದರೆ ಪೆಟ್ರೋಲ್ ಮಾತ್ರ ಬಿಡಲೇಬೇಕು ಅಂತಿದ್ದೇನೆ.

ಮೊದಲು ಎಥನಾಲ್ ಬಗ್ಗೆ ಯೋಚಿಸಿದೆ. ಲೀಟರಿಗೆ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ, ಹಾಗಾಗಿ ಮೈಲೇಜ್ ಬೀಳುತ್ತದೆ. ಅದಕ್ಕಿಂತ ಜಾಸ್ತಿ ಚಿಂತೆ ಫ್ಯುಯೆಲ್ ಪೈಪಿನದು. ಎಥನಾಲ್ ಹಳೇ ರಬ್ಬರ್ ಸೀಲುಗಳನ್ನು ಹಾಳು ಮಾಡುತ್ತದೆ, ಗಾಳಿಯಲ್ಲಿರುವ ತೇವವನ್ನೂ ಎಳೆದುಕೊಳ್ಳುತ್ತದೆ. ಹೈಡ್ರೋಜನ್ ಅಂತೂ ದೂರದ ಮಾತು. 700 ಬಾರ್ ಒತ್ತಡದ ಟ್ಯಾಂಕನ್ನು ಹಳೇ ಕಾರಿಗೆ ಕೂರಿಸಲು ಆಗುತ್ತದಾ?

ಉಳಿದದ್ದು ಎಲೆಕ್ಟ್ರಿಕ್. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿಯೇ ಸರಿ ಅನಿಸುತ್ತದೆ. ಬೇರೆ ಲಿಥಿಯಂ ಬ್ಯಾಟರಿಗಳಿಗಿಂತ ತೂಕ ಸ್ವಲ್ಪ ಜಾಸ್ತಿ, ಆದರೆ ಬೆಂಕಿಯ ಭಯ ಕಡಿಮೆ, ಬಾಳಿಕೆಯೂ ಚೆನ್ನಾಗಿದೆ.

ಈಗ ನನ್ನ ಪ್ರಶ್ನೆ. ಬ್ರೇಕ್ ಪೆಡಲ್ ಒತ್ತುವುದನ್ನು ಹಗುರ ಮಾಡುವ ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ (ಗಾಳಿಯ ಎಳೆತ) ಬರುವುದು ಎಂಜಿನ್‌ನಿಂದ. ಎಂಜಿನ್ ತೆಗೆದರೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಅಲ್ವಾ? ಇದಕ್ಕೆ ಎಲೆಕ್ಟ್ರಿಕ್ ವ್ಯಾಕ್ಯೂಮ್ ಪಂಪ್ ಹಾಕಿದವರು ಯಾವ ತರಹದ್ದು ಹಾಕಿದಿರಿ? ಪಂಪ್ ಕೈಕೊಟ್ಟರೆ ಗೊತ್ತಾಗಲು ಏನು ವ್ಯವಸ್ಥೆ? ಹಳೇ ಗೇರ್‌ಬಾಕ್ಸ್ ಹಾಗೇ ಉಳಿಸಿಕೊಳ್ಳಬಹುದಾ? ಬ್ಯಾಟರಿ ತೂಕವನ್ನು ಹಿಂದೆ ಮುಂದೆ ಹೇಗೆ ಹಂಚಿದಿರಿ?

ಸ್ವತಃ ಮಾಡಿಸಿದವರು ದಯವಿಟ್ಟು ಬರೆಯಿರಿ. ವೈರಿಂಗ್ ಫೋಟೋ ಇದ್ದರೆ ಇನ್ನೂ ಉಪಕಾರ.